ಸ್ಥಾಪನಾ ಸೂಚನೆಗಳಿಗೂ ಆಯುಷ್ಯವುಂಟು

ನೀರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಕುದಿಯುವ ನೀರಿನ ಹಬೆಯಲ್ಲಿ ಉಷ್ಣತಾಮಾಪಕವನ್ನು ಹಿಡಿದರೆ ಅದು ಸುಮಾರು 97 ಡಿಗ್ರಿಯನ್ನು ಮಾತ್ರ ತೋರಿಸುವುದು. ಹಾಗಾದರೆ ಪುಸ್ತಕದ ವಾಕ್ಯ ಸುಳ್ಳೆ? ಸುಳ್ಳಲ್ಲ, ಅಪೂರ್ಣ. ಒತ್ತಡವು ಒಂದು ವಾಯುಮಂಡಲದಷ್ಟಿರಬೇಕೆಂಬ ನಿಬಂಧನೆಯನ್ನು ಅದಕ್ಕೆ ಸೇರಿಸಿದೊಡನೆ ಆ ವಾಕ್ಯ ಎಲ್ಲ ಊರುಗಳಿಗೂ ಎಲ್ಲ ಕಾಲಕ್ಕೂ ಸಲ್ಲುವುದು. ಯಾವ ನಿಬಂಧನೆಗಳಿಗೆ ಒಳಪಟ್ಟು ಒಂದು ಹೇಳಿಕೆ ನಿಜವೆಂಬುದನ್ನು ಹೇಳದಿದ್ದರೆ ಭೌತವಿಜ್ಞಾನದಲ್ಲಿ ಆ ಹೇಳಿಕೆಗೆ ಬೆಲೆಯಿಲ್ಲ.

ಗಣಕಯಂತ್ರಗಳ ಪ್ರಪಂಚದಲ್ಲಿಯೂ ಈ ಜಾತಿಯ ಹೇಳಿಕೆಗಳು ಹೇರಳವಾಗಿವೆ. "ಈ ಸಾಲನ್ನು ಆ ಫೈಲಿನಲ್ಲಿ ಬರೆಯಿರಿ, ಈ ಆಜ್ಞೆಯನ್ನು ಕೊಡಿರಿ, ಪ್ರೋಗ್ರಾಂ ಸಿದ್ಧವಾಗುವುದು" ಎಂಬ ಸ್ಥಾಪನಾ ಸೂಚನೆ ಅಂಥದೊಂದು ಹೇಳಿಕೆ. ಬರೆದ ದಿನ, ಬರೆದವರ ಯಂತ್ರದಲ್ಲಿ ಅದು ನಿಜವಾಗಿಯೇ ಇದ್ದಿತು. ಐದಾರು ವರ್ಷಗಳ ತರುವಾಯ ಹೊಸ ವಿದ್ಯಾರ್ಥಿಯೊಬ್ಬನು ಅದನ್ನು ಅಕ್ಷರಶಃ ಅನುಸರಿಸುವಾಗ ಯಂತ್ರವು ದೋಷಸಂದೇಶವೊಂದನ್ನು ಅವನ ಮುಂದಿಡುತ್ತದೆ. ಅನುಭವಿಗಳು ಸೂಚನೆಯನ್ನು ಶಂಕಿಸುವರು. ಹೊಸಬನಾದರೋ ತನ್ನ ಬುದ್ಧಿಯನ್ನೇ ಶಂಕಿಸುವನು, "ಇದು ನನ್ನಂಥವರಿಗಲ್ಲ" ಎಂದುಕೊಂಡು ಹಿಂದೆ ಸರಿಯುವನು. ಹಳಸಿದ ಸೂಚನೆಯಿಂದ ಆಗುವ ಮೊದಲ ನಷ್ಟ ಇದು. ಎರಡನೆಯ ನಷ್ಟ ಇನ್ನೂ ಗುರುತರವಾದುದು; ಅದನ್ನು ಮುಂದೆ ನೋಡೋಣ.

ಸೂಚನೆಗಳು ಏಕೆ ಹಳತಾಗುತ್ತವೆ, ಅವುಗಳನ್ನು ತಿದ್ದುವ ಶಾಸ್ತ್ರೀಯವಾದ ಮಾರ್ಗ ಯಾವುದು ಎಂಬುದನ್ನು ಈಮ್ಯಾಕ್ಸ್ ಎಂಬ ಪ್ರಸಿದ್ಧ ಟೆಕ್ಸ್ಟ್ ಎಡಿಟರನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಎಡಿಟರೂ ಅದರ ಉಪಾಂಗಗಳೂ

ಟೆಕ್ಸ್ಟ್ ಎಡಿಟರ್ ಎಂಬುದು ಅಕ್ಷರಗಳನ್ನು ಬರೆಯುವುದಕ್ಕೂ ತಿದ್ದುವುದಕ್ಕೂ ಉಳಿಸಿಡುವುದಕ್ಕೂ ಇರುವ ಸಾಧನ. ಪ್ರೋಗ್ರಾಂ ಬರೆಯುವವರಿಗೆ ಅದು ಬಡಗಿಯ ಕೈಯ ಉಳಿಯಿದ್ದಂತೆ. ಈಮ್ಯಾಕ್ಸ್ 1976ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ, ಟೆಕೋ ಎಂಬ ಹಳೆಯ ಎಡಿಟರಿಗೆ ಬರೆದ ಕಿರು ಆಜ್ಞೆಗಳ ಸಮೂಹವಾಗಿ ಜನ್ಮತಾಳಿತು. ಇಂದು ಬಳಕೆಯಲ್ಲಿರುವ ಗ್ನು ಈಮ್ಯಾಕ್ಸನ್ನು ರಿಚರ್ಡ್ ಸ್ಟಾಲ್ಮನ್ನರು 1984ರಲ್ಲಿ ಬರೆಯಲಾರಂಭಿಸಿದರು. ಅದರ ತಿರುಳು ಸಿ ಭಾಷೆಯಲ್ಲಿದೆ. ಉಳಿದ ಬಹುಭಾಗ ಲಿಸ್ಪ್ ಭಾಷೆಯಲ್ಲಿದೆ. ಲಿಸ್ಪ್ ಭಾಗವನ್ನು ಎಡಿಟರು ನಡೆಯುತ್ತಿರುವಾಗಲೇ ಬದಲಾಯಿಸಬಹುದು. ಆದಕಾರಣ ಯಾರು ಬೇಕಾದರೂ ಲಿಸ್ಪ್ ಫೈಲೊಂದನ್ನು ಬರೆದು ಎಡಿಟರಿಗೆ ಹೊಸ ಶಕ್ತಿಯೊಂದನ್ನು ಜೋಡಿಸಬಹುದು. ಹೀಗೆ ಜೋಡಿಸುವ ಉಪಾಂಗಕ್ಕೆ ಪ್ಯಾಕೇಜು ಎಂದು ಹೆಸರು.

ಪ್ಯಾಕೇಜನ್ನು ಹುಡುಕುವ ಮೊದಲು ಬೇಕಾದ ಶಕ್ತಿ ಎಡಿಟರಿನಲ್ಲಿ ಮೊದಲೇ ಇದೆಯೋ ಎಂದು ವಿಚಾರಿಸುವುದು ಲೇಸು. ಉದಾಹರಣೆಗೆ, ಈಮ್ಯಾಕ್ಸಿನಲ್ಲಿ ಕನ್ನಡವನ್ನು ಬರೆಯಲು ಯಾವ ಪ್ಯಾಕೇಜೂ ಬೇಡ. ಕನ್ನಡ-ಐಟ್ರಾನ್ಸ್, ಕನ್ನಡ-ಇನ್‌ಸ್ಕ್ರಿಪ್ಟ್ ಎಂಬ ಬರೆಹದ ವಿಧಾನಗಳು ಅದರೊಡನೆಯೇ ಬರುತ್ತವೆ. ಕಂಟ್ರೋಲ್ ಕೀಯೊಡನೆ ಎಚ್ ಒತ್ತಿ, ಬಳಿಕ ಇನ್ನೊಮ್ಮೆ ಎಚ್ ಒತ್ತಿದರೆ ಅನೇಕ ಭಾಷೆಗಳ ವಂದನೆಗಳ ಪಟ್ಟಿಯೊಂದು ತೆರೆಯುವುದು. ಅದರಲ್ಲಿ ನಮ್ಮ "ನಮಸ್ಕಾರ"ವೂ ಇದೆ.

ಸ್ಥಾಪನೆಯೆಂದರೇನು?

ಸೂಚನೆಯನ್ನು ತಿದ್ದುವವರು ಮೊದಲು ಸ್ಥಾಪನೆಯ ಕ್ರಿಯೆಯನ್ನು ಅರಿತಿರಬೇಕು. ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ಪ್ಯಾಕೇಜಿನ ಫೈಲುಗಳನ್ನು ಎಲ್ಲಿಂದಲೋ ತರುವುದು. ಎರಡನೆಯದು, ಎಡಿಟರು ಹುಡುಕುವ ಜಾಗದಲ್ಲಿ ಅವನ್ನು ಇಡುವುದು. ಈಮ್ಯಾಕ್ಸಿನಲ್ಲಿ ಲೋಡ್-ಪಾತ್ ಎಂಬ ಪಟ್ಟಿಯೊಂದಿದೆ. ಫೈಲೊಂದು ಬೇಕಾದಾಗ ಎಡಿಟರು ಆ ಪಟ್ಟಿಯ ಫೋಲ್ಡರುಗಳನ್ನು ಒಂದಾದಮೇಲೊಂದರಂತೆ ಹುಡುಕುವುದು. ಪಟ್ಟಿಯಲ್ಲಿಲ್ಲದ ಫೋಲ್ಡರಿನಲ್ಲಿ ಫೈಲಿದ್ದರೆ ಅದು ಇಲ್ಲದುದಕ್ಕೆ ಸಮ. ಮೂರನೆಯದು, ಫೈಲನ್ನು ಓದುವಂತೆ ಎಡಿಟರಿಗೆ ತಿಳಿಸುವುದು.

ಮೂರನೆಯ ಮೆಟ್ಟಿಲಿನಲ್ಲಿ ಎರಡು ಮಾರ್ಗಗಳುಂಟು. "ರಿಕ್ವೈರ್" ಎಂಬ ಆಜ್ಞೆಯಿಂದ ಇಡೀ ಫೈಲನ್ನು ಆರಂಭದಲ್ಲಿಯೇ ಓದಿಸಬಹುದು. ಇಲ್ಲವೆ, "ಈ ಹೆಸರಿನ ಆಜ್ಞೆಯನ್ನು ಯಾರಾದರೂ ಕೊಟ್ಟರೆ ಆಗ ಆ ಫೈಲನ್ನು ಓದು" ಎಂದು ಸೂಚಿಯೊಂದನ್ನು ಮಾತ್ರ ಕೊಡಬಹುದು. ಈ ಎರಡನೆಯದಕ್ಕೆ ಆಟೋಲೋಡ್ ಎಂದು ಹೆಸರು. ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಬೆಳಗ್ಗೆಯೇ ಮೇಜಿನ ಮೇಲೆ ಹರಡುವುದಕ್ಕೂ, ಕೇಳಿದವರಿಗೆ ಕೇಳಿದಾಗ ತೆಗೆದುಕೊಡುವುದಕ್ಕೂ ಇರುವಷ್ಟು ವ್ಯತ್ಯಾಸ ಇವೆರಡರ ನಡುವೆ ಇದೆ. ಇವುಗಳ ಜೊತೆಗೆ, ಒಂದು ಪ್ಯಾಕೇಜು ಬೇರೆ ಪ್ಯಾಕೇಜುಗಳನ್ನು ಅವಲಂಬಿಸಿದ್ದರೆ ಅವೂ ಬರಬೇಕು. ವೇಗಕ್ಕಾಗಿ ಲಿಸ್ಪ್ ಫೈಲನ್ನು ಬೈಟ್ ಸಂಕೇತಕ್ಕೆ ಪರಿವರ್ತಿಸಿಡುವುದೂ ವಾಡಿಕೆ.

ನಾಲ್ಕು ತಲೆಮಾರುಗಳು

ಈ ಮೂರು ಮೆಟ್ಟಿಲುಗಳು ಎಂದೂ ಬದಲಾಗಿಲ್ಲ. ಬದಲಾದುದು, ಅವುಗಳಲ್ಲಿ ಎಷ್ಟನ್ನು ಮನುಷ್ಯನು ಮಾಡಬೇಕು, ಎಷ್ಟನ್ನು ಯಂತ್ರವು ಮಾಡುವುದು ಎಂಬುದು.

ಮೊದಲ ತಲೆಮಾರಿನಲ್ಲಿ ಎಲ್ಲವೂ ಕೈಕೆಲಸ. ಫೈಲನ್ನು ತಂದು, ಫೋಲ್ಡರಿನಲ್ಲಿಟ್ಟು, ಲೋಡ್-ಪಾತಿಗೆ ಸೇರಿಸಿ, ರಿಕ್ವೈರ್ ಸಾಲನ್ನು ಬರೆಯಬೇಕಾಗಿದ್ದಿತು. 2012ರ ಜೂನ್ ತಿಂಗಳಲ್ಲಿ ಹೊರಬಂದ 24.1ನೆಯ ಆವೃತ್ತಿಯೊಡನೆ ಎರಡನೆಯ ತಲೆಮಾರು ಆರಂಭವಾಯಿತು. ಪ್ಯಾಕೇಜುಗಳನ್ನು ಭಂಡಾರದಿಂದ ತಾನೇ ತಂದು, ಅವಲಂಬಿತ ಪ್ಯಾಕೇಜುಗಳನ್ನೂ ಕೂಡಿಸಿ, ಆಟೋಲೋಡ್ ಸೂಚಿಯನ್ನು ತಯಾರಿಸುವ ವ್ಯವಸ್ಥಾಪಕವೊಂದು ಎಡಿಟರಿನ ಅಂಗವೇ ಆಯಿತು. ಗ್ನು ಎಲ್ಪಾ ಎಂಬುದು ಅದರ ಮೂಲ ಭಂಡಾರ. ಮೆಲ್ಪಾ ಎಂಬುದು ಸಮುದಾಯದವರು ನಡೆಸುವ ದೊಡ್ಡ ಭಂಡಾರ. ಮೂರನೆಯ ತಲೆಮಾರು ಯೂಸ್-ಪ್ಯಾಕೇಜ್ ಎಂಬುದರದು. ಸ್ಥಾಪನೆ, ಕೀಗಳ ಜೋಡಣೆ, ಇತರ ಏರ್ಪಾಡು, ಇವೆಲ್ಲವನ್ನೂ ಒಂದೇ ಘೋಷಣೆಯಲ್ಲಿ ಬರೆಯುವ ಅನುಕೂಲವನ್ನು ಅದು ಒದಗಿಸುತ್ತದೆ. ಬಹುಕಾಲ ತಾನೇ ಒಂದು ಹೊರಗಿನ ಪ್ಯಾಕೇಜಾಗಿದ್ದ ಅದು 2023ರ ಜುಲೈಯಲ್ಲಿ 29.1ನೆಯ ಆವೃತ್ತಿಯೊಳಗೆ ಸೇರಿತು. ಪ್ಯಾಕೇಜನ್ನು ಅದರ ಮೂಲ ಸಂಗ್ರಹದಿಂದಲೇ ನೇರವಾಗಿ ಪಡೆಯುವ ನಾಲ್ಕನೆಯ ಮಾರ್ಗವೂ ಅದೇ ಆವೃತ್ತಿಯಲ್ಲಿ ತೆರೆಯಿತು. 2025ರ ಫೆಬ್ರವರಿಯ 30.1ನೆಯ ಆವೃತ್ತಿಯಲ್ಲಿ ಯೂಸ್-ಪ್ಯಾಕೇಜ್ ಘೋಷಣೆಯೊಳಗಿಂದಲೂ ಅದು ಸಾಧ್ಯವಾಯಿತು.

ಹೊಸ ತಲೆಮಾರು ಬಂದಾಗ ಹಳೆಯದು ಕೂಡಲೇ ಮಾಯವಾಗುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಉಬುಂಟು 22.04 ತನ್ನೊಡನೆ ಕೊಡುವುದು ಈಮ್ಯಾಕ್ಸ್ 27.1, ಉಬುಂಟು 24.04 ಕೊಡುವುದು 29.3, ಡೆಬಿಯನ್ 12 ಕೊಡುವುದು 28.2. ಕಾಲೇಜಿನ ಪ್ರಯೋಗಶಾಲೆಯ ಯಂತ್ರದಲ್ಲಿ ಒಂದು ಆವೃತ್ತಿ, ವಿದ್ಯಾರ್ಥಿಯ ಮನೆಯ ಯಂತ್ರದಲ್ಲಿ ಮತ್ತೊಂದು ಆವೃತ್ತಿ ಇರುವುದು ಸಹಜ. ಸೂಚನೆ ಇಬ್ಬರಿಗೂ ಸಲ್ಲಬೇಕು.

ಹಳತಾಗುವುದಕ್ಕೆ ಕಾರಣಗಳು

ಮೊದಲನೆಯ ಕಾರಣ, ಎಡಿಟರಿನ ವರ್ತನೆಯೇ ಬದಲಾಗುವುದು. ಪ್ಯಾಕೇಜುಗಳನ್ನು ಬಳಕೆಗೆ ಸಿದ್ಧಪಡಿಸುವ "ಪ್ಯಾಕೇಜ್-ಇನಿಷಿಯಲೈಸ್" ಎಂಬ ಆಜ್ಞೆಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 25 ಮತ್ತು 26ನೆಯ ಆವೃತ್ತಿಗಳಲ್ಲಿ ಆರಂಭದ ಫೈಲಿನಲ್ಲಿ ಆ ಸಾಲು ಇರದಿದ್ದರೆ ಎಡಿಟರೇ ಅದನ್ನು ಬರೆದು ಸೇರಿಸುತ್ತಿದ್ದಿತು. 2020ರ ಆಗಸ್ಟಿನಲ್ಲಿ ಬಂದ 27.1ರಲ್ಲಿ ಆರಂಭದ ಫೈಲನ್ನು ಓದುವ ಮೊದಲೇ ಪ್ಯಾಕೇಜುಗಳು ಸಿದ್ಧವಾಗುವ ಏರ್ಪಾಡಾಯಿತು. ಅಂದಿನಿಂದ ಅದೇ ಸಾಲನ್ನು ಕಂಡರೆ ಎಡಿಟರು "ಇದು ಅನವಶ್ಯಕ" ಎಂದು ಎಚ್ಚರಿಸುತ್ತದೆ. ನಿನ್ನೆ ತಾನೇ ಬರೆದುದನ್ನು ಇಂದು ತಾನೇ ಆಕ್ಷೇಪಿಸುವ ಈ ಸಂದರ್ಭದಲ್ಲಿ ಹಳೆಯ ಸೂಚನೆಯನ್ನು ಹಿಡಿದ ಹೊಸಬನು ಗೊಂದಲಗೊಂಡರೆ ಆಶ್ಚರ್ಯವಿಲ್ಲ.

ಎರಡನೆಯ ಕಾರಣ, ಭಂಡಾರಗಳು ಮುಚ್ಚುವುದು ಅಥವಾ ಸ್ಥಳ ಬದಲಿಸುವುದು. ಒಂದು ಕಾಲಕ್ಕೆ ಹೆಸರಾಗಿದ್ದ ಮಾರ್ಮಲೇಡ್ ಎಂಬ ಭಂಡಾರ ಇಂದು ಇಲ್ಲ. ಟಿಪ್ಪಣಿ ಮತ್ತು ಕಾರ್ಯಯೋಜನೆಗೆ ಬಳಸುವ ಆರ್ಗ್ ಎಂಬ ಪ್ಯಾಕೇಜಿಗೆ ಪ್ರತ್ಯೇಕವಾದ ಭಂಡಾರವಿದ್ದಿತು; 2021ರಲ್ಲಿ ಬಂದ ಆರ್ಗ್ 9.5ರ ವೇಳೆಗೆ ಅದನ್ನು ನಿಲ್ಲಿಸಿ, ಗ್ನು ಎಲ್ಪಾದಿಂದ ಪಡೆಯುವಂತೆ ಮಾಡಲಾಯಿತು. ಆ ಹಳೆಯ ಭಂಡಾರದ ವಿಳಾಸವನ್ನು ಹೇಳುವ ಸಾಲುಗಳು ಅನೇಕ ಸೂಚನಾಪತ್ರಗಳಲ್ಲಿ ಹಾಗೆಯೇ ಉಳಿದವು.

ಮೂರನೆಯ ಕಾರಣ ಸಂತೋಷದ್ದು: ಪ್ಯಾಕೇಜು ಎಡಿಟರಿನೊಳಗೇ ಸೇರಿಹೋಗುವುದು. ಪ್ರೋಗ್ರಾಂ ಭಾಷೆಗಳ ವಿಶ್ಲೇಷಕಗಳೊಡನೆ ಎಡಿಟರನ್ನು ಜೋಡಿಸುವ ಈಗ್ಲಾಟ್ ಎಂಬುದು 29.1ರಿಂದ ಅದರ ಭಾಗವಾಗಿದೆ. ಆಗ "ಹೀಗೆ ಸ್ಥಾಪಿಸಿರಿ" ಎಂಬ ಇಡೀ ಅಧ್ಯಾಯ "ಸ್ಥಾಪಿಸಬೇಕಾದುದೇನೂ ಇಲ್ಲ" ಎಂಬ ಒಂದು ವಾಕ್ಯವಾಗಬೇಕು.

ನಾಲ್ಕನೆಯದು, ಸಹಿ ಕೀಲಿಗಳ ಅವಧಿ ಮುಗಿಯುವುದು. ಈ ಲೇಖನದ ಆರಂಭದಲ್ಲಿ ಹೇಳಿದ ಗುರುತರವಾದ ನಷ್ಟಕ್ಕೆ ಇದು ಸಂಬಂಧಿಸಿದೆ. ಗ್ನು ಎಲ್ಪಾದ ಪ್ಯಾಕೇಜುಗಳಿಗೆ ಡಿಜಿಟಲ್ ಸಹಿಯಿರುತ್ತದೆ. ಬಂದ ಫೈಲು ಭಂಡಾರದಿಂದಲೇ ಬಂದುದೆಂದು ಎಡಿಟರು ಇದರಿಂದ ನಿಶ್ಚಯಿಸಿಕೊಳ್ಳುತ್ತದೆ. 2019ರ ಸೆಪ್ಟೆಂಬರಿನಲ್ಲಿ ಹಳೆಯ ಕೀಲಿಯ ಅವಧಿ ಮುಗಿಯಿತು. ಹೊಸ ಕೀಲಿಯನ್ನು ಒಳಗೊಂಡ 26.3ನೆಯ ಆವೃತ್ತಿಯನ್ನು ಆಗಸ್ಟಿನಲ್ಲಿಯೇ ಹೊರತರಲಾಗಿದ್ದಿತು. ಹಳೆಯ ಆವೃತ್ತಿಗಳವರಿಗಾಗಿ ಕೀಲಿಯನ್ನು ನವೀಕರಿಸುವ ಪ್ಯಾಕೇಜೊಂದನ್ನು ಸಹ ಒದಗಿಸಲಾಯಿತು. ಆದರೆ ಆ ಪ್ಯಾಕೇಜನ್ನು ತರಲು ಸಹಿಯನ್ನು ಪರೀಕ್ಷಿಸಬೇಕು, ಸಹಿಯನ್ನು ಪರೀಕ್ಷಿಸಲು ಹೊಸ ಕೀಲಿ ಬೇಕು, ಹೊಸ ಕೀಲಿ ಇರುವುದು ಆ ಪ್ಯಾಕೇಜಿನಲ್ಲಿ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಯಿತು. ಆದುದರಿಂದ ಸಹಿಯ ಪರೀಕ್ಷೆಯನ್ನು ಕ್ಷಣಕಾಲ ನಿಲ್ಲಿಸಿ, ಪ್ಯಾಕೇಜನ್ನು ತಂದು, ಪರೀಕ್ಷೆಯನ್ನು ಪುನಃ ಆರಂಭಿಸುವುದು ಒಂದು ಉಪಾಯವಾಯಿತು. ಸೂಚನೆಯೊಂದರಲ್ಲಿ ಮೊದಲರ್ಧವನ್ನು ಮಾತ್ರ ಬರೆದು "ಪುನಃ ಆರಂಭಿಸಿರಿ" ಎಂಬುದನ್ನು ಬಿಟ್ಟರೆ ಏನಾದೀತು? ಅದನ್ನು ನಂಬಿದವರ ಯಂತ್ರದಲ್ಲಿ ಕಾವಲುಗಾರನನ್ನು ಶಾಶ್ವತವಾಗಿ ಮನೆಗೆ ಕಳುಹಿಸಿದಂತಾಗುವುದು. ಪ್ಯಾಕೇಜು ಎಂಬುದು ಪೂರ್ಣ ಪ್ರೋಗ್ರಾಂ; ಬಳಕೆದಾರನು ಮಾಡಬಲ್ಲುದನ್ನೆಲ್ಲ, ಅವನ ಫೈಲುಗಳನ್ನು ಓದುವುದು, ಅಳಿಸುವುದು ಎಲ್ಲವನ್ನೂ ಅದು ಮಾಡಬಲ್ಲುದು. ಹಳಸಿದ ಅನ್ನ ಹಸಿವನ್ನು ತಣಿಸದಿರುವುದಷ್ಟೇ ಅಲ್ಲ, ರೋಗವನ್ನೂ ತರುವುದು.

ಒಂದು ಸೂಚನಾಪತ್ರದ ಪರೀಕ್ಷೆ

ಈಗ "ಪದಸೂಚಿ" ಎಂಬ ಪ್ಯಾಕೇಜೊಂದನ್ನು ಕಲ್ಪಿಸಿಕೊಳ್ಳೋಣ. ಬರೆಯುತ್ತಿರುವ ಪದದ ಅರ್ಥವನ್ನು ತೋರಿಸುವುದು ಅದರ ಕೆಲಸವೆಂದಿರಲಿ. ಅದರ ಹಳೆಯ ಸೂಚನಾಪತ್ರ ಹೀಗಿದೆಯೆಂದು ಭಾವಿಸೋಣ:

1. ಆರಂಭದ ಫೈಲಿನಲ್ಲಿ ಮಾರ್ಮಲೇಡ್ ಭಂಡಾರದ ಎಚ್‌ಟಿಟಿಪಿ ವಿಳಾಸವನ್ನು ಸೇರಿಸಿರಿ.
2. ಅದರ ಕೆಳಗೆ ಪ್ಯಾಕೇಜ್-ಇನಿಷಿಯಲೈಸ್ ಎಂದು ಬರೆಯಿರಿ.
3. ಸಹಿಯ ದೋಷ ಬಂದರೆ ಸಹಿಯ ಪರೀಕ್ಷೆಯನ್ನು ನಿಲ್ಲಿಸಿರಿ.
4. ಪ್ಯಾಕೇಜ್-ಇನ್‌ಸ್ಟಾಲ್ ಆಜ್ಞೆಯಿಂದ ಪದಸೂಚಿಯನ್ನು ಸ್ಥಾಪಿಸಿರಿ.
5. ಆರಂಭದ ಫೈಲಿನಲ್ಲಿ ರಿಕ್ವೈರ್ ಸಾಲನ್ನು ಬರೆಯಿರಿ.
6. ಎಡಿಟರನ್ನು ಮುಚ್ಚಿ ಮತ್ತೆ ತೆರೆಯಿರಿ.

ಒಂದೊಂದನ್ನೇ ಪರೀಕ್ಷಿಸೋಣ. ಒಂದನೆಯದರಲ್ಲಿ ಭಂಡಾರವೇ ಇಲ್ಲ; ಇದ್ದರೂ ಎಚ್‌ಟಿಟಿಪಿ ಮಾರ್ಗದಲ್ಲಿ ಬರುವ ಫೈಲನ್ನು ನಡುದಾರಿಯಲ್ಲಿ ಬದಲಾಯಿಸುವುದು ಸಾಧ್ಯ, ಆದ್ದರಿಂದ ಎಚ್‌ಟಿಟಿಪಿಎಸ್ ವಿಳಾಸವೇ ಬೇಕು. ಎರಡನೆಯದು 27.1ರಿಂದ ಈಚೆಗೆ ಅನವಶ್ಯಕ. ಮೂರನೆಯದು ಅಪಾಯಕರ. ನಾಲ್ಕನೆಯದು ಸರಿಯಾದರೂ ಅದರ ಹಿಂದೆ ಒಂದು ಹೆಜ್ಜೆ ತಪ್ಪಿಹೋಗಿದೆ: ಭಂಡಾರದ ಪಟ್ಟಿಯನ್ನು ಹೊಸದಾಗಿ ತರಿಸುವ "ಪ್ಯಾಕೇಜ್-ರಿಫ್ರೆಶ್-ಕಂಟೆಂಟ್ಸ್" ಆಜ್ಞೆ ಅಲ್ಲಿ ಇರಬೇಕು. ಎಡಿಟರು ಭಂಡಾರದ ಪಟ್ಟಿಯ ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಪಟ್ಟಿ ಹಳತಾಗಿದ್ದು, ಭಂಡಾರದಲ್ಲಿ ಆ ಫೈಲಿನ ಸ್ಥಾನದಲ್ಲಿ ಹೊಸದು ಬಂದಿದ್ದರೆ "ಸಿಕ್ಕಲಿಲ್ಲ" ಎಂಬ ಉತ್ತರ ಬರುವುದು. ಹೊಸಬರನ್ನು ಅತಿ ಹೆಚ್ಚು ಕಾಡುವ ದೋಷಗಳಲ್ಲಿ ಇದು ಒಂದು. ಐದನೆಯದು, ಆಟೋಲೋಡ್ ಸೂಚಿ ತಾನಾಗಿ ತಯಾರಾಗುವುದರಿಂದ, ಬೇಕಿಲ್ಲ. ಎಡಿಟರಿನ ಆರಂಭವನ್ನು ನಿಧಾನಗೊಳಿಸುವುದಷ್ಟೇ ಅದರ ಫಲ. ಆರನೆಯದೂ ಸಾಮಾನ್ಯವಾಗಿ ಬೇಕಿಲ್ಲ. ಇವೆಲ್ಲಕ್ಕಿಂತ ದೊಡ್ಡ ಲೋಪವೆಂದರೆ, ಈ ಸೂಚನೆ ಯಾವ ಆವೃತ್ತಿಗೆ ಸಲ್ಲುವುದೆಂಬ ನಿಬಂಧನೆಯೂ, ಸ್ಥಾಪನೆ ಸಫಲವಾಯಿತೆಂದು ತಿಳಿಯುವ ಬಗೆಯೂ ಎಲ್ಲಿಯೂ ಇಲ್ಲದಿರುವುದು.

ಪದಸೂಚಿ ಈಗ ನಾನ್‌ಗ್ನು ಎಲ್ಪಾ ಎಂಬ ಭಂಡಾರದಲ್ಲಿದೆಯೆಂದು ಇಟ್ಟುಕೊಳ್ಳೋಣ. 2022ರ ಏಪ್ರಿಲಿನಲ್ಲಿ ಬಂದ 28.1ರಿಂದ ಈ ಭಂಡಾರವನ್ನು ಎಡಿಟರು ತಾನಾಗಿಯೇ ಬಲ್ಲುದು. ಆಗ ಹೊಸ ಸೂಚನಾಪತ್ರ ಹೀಗಾಗುವುದು:

ಬೇಕಾದುದು: ಈಮ್ಯಾಕ್ಸ್ 27.1 ಅಥವಾ ಅದಕ್ಕಿಂತ ಹೊಸದು.
ಸ್ಥಾಪನೆ: ಆಲ್ಟ್ ಕೀಯೊಡನೆ ಎಕ್ಸ್ ಒತ್ತಿ, ಪ್ಯಾಕೇಜ್-ರಿಫ್ರೆಶ್-ಕಂಟೆಂಟ್ಸ್ ಎಂಬ ಆಜ್ಞೆಯನ್ನು ಕೊಡಿರಿ, ಅದೇ ರೀತಿ ಪ್ಯಾಕೇಜ್-ಇನ್‌ಸ್ಟಾಲ್ ಆಜ್ಞೆಯನ್ನು ಕೊಟ್ಟು ಪದಸೂಚಿ ಎಂದು ಹೆಸರಿಸಿರಿ.
27ನೆಯ ಆವೃತ್ತಿಯವರು ಮೊದಲು ನಾನ್‌ಗ್ನು ಎಲ್ಪಾದ ವಿಳಾಸವನ್ನು ಭಂಡಾರಗಳ ಪಟ್ಟಿಗೆ ಸೇರಿಸಬೇಕು.
ಪರೀಕ್ಷೆ: ಪದಸೂಚಿ-ವರ್ಷನ್ ಎಂಬ ಆಜ್ಞೆ ಆವೃತ್ತಿಯ ಸಂಖ್ಯೆಯನ್ನು ತೋರಿಸಿದರೆ ಸ್ಥಾಪನೆ ಸಫಲವಾಯಿತು.
ತೆಗೆಯುವುದು: ಪ್ಯಾಕೇಜ್-ಡಿಲೀಟ್.
ಈ ಸೂಚನೆಯನ್ನು 27.2, 28.2, 29.4 ಆವೃತ್ತಿಗಳಲ್ಲಿ ಮಾಡಿ ನೋಡಲಾಗಿದೆ. (ಇಲ್ಲಿ ದಿನಾಂಕ)

ಕೊನೆಯ ಸಾಲಿನ ಬೆಲೆಯನ್ನು ವಿದ್ಯಾರ್ಥಿಗಳು ಗುರುತಿಸಬೇಕು. ಪ್ರಯೋಗದ ವರದಿಯಲ್ಲಿ ಉಷ್ಣತೆಯನ್ನೂ ಒತ್ತಡವನ್ನೂ ಬರೆಯುವುದಕ್ಕೆ ಅದು ಸಮಾನ. 31ನೆಯ ಆವೃತ್ತಿಯಲ್ಲಿ ಎಂದಾದರೂ ಈ ಸೂಚನೆ ಸುಳ್ಳಾದರೆ, ಓದುಗನು ತನ್ನನ್ನು ಹಳಿದುಕೊಳ್ಳದೆ "ಇದನ್ನು ಮಾಡಿ ನೋಡಿದುದು 29.4ರವರೆಗೆ" ಎಂದು ತಿಳಿಯುವನು.

ಆವೃತ್ತಿಯ ಅಂಕಗಳು

"27.1 ಅಥವಾ ಹೊಸದು" ಎಂಬಲ್ಲಿ ಒಂದು ಸೂಕ್ಷ್ಮವಿದೆ. ಆವೃತ್ತಿಯ ಸಂಖ್ಯೆ ದಶಮಾಂಶ ಭಿನ್ನರಾಶಿಯಲ್ಲ. ಗಣಿತದಲ್ಲಿ 1.9 ದೊಡ್ಡದು, 1.10 ಚಿಕ್ಕದು, ಆವೃತ್ತಿಗಳಲ್ಲಿ 1.10 ಎಂಬುದು 1.9ಕ್ಕಿಂತ ಹೊಸದು. ಚುಕ್ಕಿಯಿಂದ ಬೇರ್ಪಟ್ಟ ಪೂರ್ಣಾಂಕಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಹೋಲಿಸುವುದೇ ಇಲ್ಲಿಯ ನಿಯಮ.

ಇದರಿಂದ ವಿಚಿತ್ರವಾದ ಪರಿಣಾಮವೊಂದು ಒದಗುವುದು. ಪ್ಯಾಕೇಜಿನ ಅಂದಂದಿನ ರೂಪಕ್ಕೆ ದಿನಾಂಕವನ್ನೇ ಆವೃತ್ತಿಯಾಗಿ ಕೊಡುವುದು ಮೆಲ್ಪಾದ ರೂಢಿ, 20240115.930 ಎಂಬುದು ಅಂಥ ಒಂದು ಸಂಖ್ಯೆಯ ಮಾದರಿ. ಅದೇ ಪ್ಯಾಕೇಜಿನ ಸ್ಥಿರ ರೂಪದ ಸಂಖ್ಯೆ 3.2 ಎಂದಿರಲಿ. ಮೊದಲ ಅಂಕಗಳನ್ನು ಹೋಲಿಸಿದರೆ ಎರಡು ಕೋಟಿಗೆ ಮಿಗಿಲಾದ ಸಂಖ್ಯೆಯ ಮುಂದೆ 3 ನಿಲ್ಲಲಾರದು. ಎರಡು ಭಂಡಾರಗಳನ್ನೂ ಪಟ್ಟಿಯಲ್ಲಿಟ್ಟವರಿಗೆ ಪ್ರಯೋಗಾವಸ್ಥೆಯ ರೂಪವೇ ಸಿಗುವುದು. ಸ್ಥಿರ ರೂಪ ಬೇಕಾದವರು ಇಂಥ ಭಂಡಾರಕ್ಕೆ ಮೊದಲ ಸ್ಥಾನವೆಂದು ಗೊತ್ತುಪಡಿಸಬೇಕು. 25.1ರಿಂದ ಇದಕ್ಕೆ ಅವಕಾಶವಿದೆ. ಎರಡು ಭಂಡಾರಗಳಲ್ಲಿ ದೊರೆಯುವ ಪ್ಯಾಕೇಜಿನ ಸೂಚನೆ ಇದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕು.

ಬೇಕಾದ ಕನಿಷ್ಠ ಆವೃತ್ತಿಯನ್ನು ಎಲ್ಲಿಂದ ತಿಳಿಯುವುದು? ಪ್ಯಾಕೇಜಿನ ಮುಖ್ಯ ಫೈಲಿನ ತಲೆಬರಹದಲ್ಲಿ "ಪ್ಯಾಕೇಜ್-ರಿಕ್ವೈರ್ಸ್" ಎಂಬ ಸಾಲೊಂದಿದೆ. ವ್ಯವಸ್ಥಾಪಕವು ನಂಬುವುದು ಆ ಸಾಲನ್ನೇ ಹೊರತು ಸೂಚನಾಪತ್ರವನ್ನಲ್ಲ. ಪತ್ರದಲ್ಲಿ 24.3 ಎಂದೂ ತಲೆಬರಹದಲ್ಲಿ 27.1 ಎಂದೂ ಇದ್ದರೆ ತಿದ್ದಬೇಕಾದುದು ಪತ್ರ.

ಶುದ್ಧವಾದ ಪಾತ್ರೆ

ಹೊಸ ಸೂಚನೆಯನ್ನು ಬರೆದಾಯಿತು. ಅದು ನಿಜವೆಂದು ತಿಳಿಯುವುದು ಹೇಗೆ? ಮಾಡಿ ನೋಡಬೇಕು. ಆದರೆ ಬರೆದವರ ಯಂತ್ರದಲ್ಲಿ ಮಾಡಿ ನೋಡಿದರೆ ಸಾಲದು. ಅಲ್ಲಿ ಹಿಂದಿನ ಏರ್ಪಾಡುಗಳೂ ಅವಲಂಬಿತ ಪ್ಯಾಕೇಜುಗಳೂ ಮೊದಲೇ ಇರುತ್ತವೆ. ತೊಳೆಯದ ಪರೀಕ್ಷಾನಳಿಕೆಯಲ್ಲಿ ಲವಣದ ವಿಶ್ಲೇಷಣೆ ಮಾಡಿದವರಿಗೆ ಹಿಂದಿನ ಲವಣದ ಫಲಿತಾಂಶವೇ ದೊರೆಯುವುದಲ್ಲವೆ?

ಆರಂಭದ ಫೈಲನ್ನು ಓದದೆ ಎಡಿಟರನ್ನು ತೆರೆಯಲು ದೊಡ್ಡ ಅಕ್ಷರದ "-ಕ್ಯು" ಎಂಬ ಸಂಜ್ಞೆಯುಂಟು. ಅನೇಕರು ಇದೇ ಸಾಕೆನ್ನುವರು. ಆದರೆ ಹಾಗೆ ತೆರೆದಾಗ ಸ್ಥಾಪಿತ ಪ್ಯಾಕೇಜುಗಳು ಬಳಕೆಗೆ ಬರುವುದಿಲ್ಲವಾದರೂ ಅವುಗಳ ಫೋಲ್ಡರು ಹಾಗೆಯೇ ಇರುತ್ತದೆ; ಸ್ಥಾಪನೆಯನ್ನು ಪರೀಕ್ಷಿಸುವವರಿಗೆ ಅದು ಪೂರ್ಣ ಶುದ್ಧವಾದ ಪಾತ್ರೆಯಲ್ಲ. 29.1ರಲ್ಲಿ ಬಂದ "ಇನಿಟ್-ಡೈರೆಕ್ಟರಿ" ಎಂಬ ಸಂಜ್ಞೆಯೊಡನೆ ಖಾಲಿ ಫೋಲ್ಡರೊಂದನ್ನು ಹೆಸರಿಸಿದರೆ ಎಡಿಟರು ಅದನ್ನೇ ತನ್ನ ಮನೆಯೆಂದು ತಿಳಿದು ಏನೂ ಇಲ್ಲದ ಸ್ಥಿತಿಯಿಂದ ಆರಂಭಿಸುವುದು. ಸೂಚನೆಯನ್ನು ಅಲ್ಲಿ ಅಕ್ಷರಶಃ ಅನುಸರಿಸಬೇಕು. ಸ್ವಂತ ಜ್ಞಾನದಿಂದ ಒಂದು ಹೆಜ್ಜೆಯನ್ನು ಸೇರಿಸಬೇಕಾಗಿ ಬಂದರೆ ಆ ಹೆಜ್ಜೆ ಪತ್ರದಲ್ಲಿ ಇಲ್ಲವೆಂದು ಅರ್ಥ.

ಪಾತ್ರೆಯ ಶುದ್ಧಿ ಕೇವಲ ಪರೀಕ್ಷಕರ ವಿಷಯವಲ್ಲವೆಂಬುದನ್ನು ಆರ್ಗ್ ಪ್ಯಾಕೇಜು ತೋರಿಸಿಕೊಡುತ್ತದೆ. ಆರ್ಗಿನ ಒಂದು ರೂಪ ಈಮ್ಯಾಕ್ಸಿನೊಳಗೇ ಇದೆ. ಎಡಿಟರು ಆ ಹಳೆಯ ರೂಪವನ್ನು ಓದಿಕೊಂಡಿರುವಾಗ ಹೊಸ ರೂಪವನ್ನು ಸ್ಥಾಪಿಸಿದರೆ, ಹೊಸ ಫೈಲುಗಳು ಹಳೆಯ ವ್ಯಾಖ್ಯೆಗಳನ್ನು ಸೇರಿಸಿಕೊಂಡು ಬೈಟ್ ಸಂಕೇತವಾಗುವುವು. ಅರ್ಧ ಹಳೆಯದು, ಅರ್ಧ ಹೊಸದು ಕೂಡಿದ ಈ ಮಿಶ್ರಣ ತಿಳಿಯದ ದೋಷಗಳನ್ನು ಹುಟ್ಟಿಸುವುದು. ಆದ್ದರಿಂದಲೇ, ಆರ್ಗಿನ ಯಾವ ಆಜ್ಞೆಯನ್ನೂ ಬಳಸದ, ಆಗತಾನೆ ತೆರೆದ ಎಡಿಟರಿನಲ್ಲಿ ಸ್ಥಾಪಿಸಬೇಕೆಂದು ಅದರ ಕೈಪಿಡಿ ಎಚ್ಚರಿಸುತ್ತದೆ. ಸೂಚನೆಯಲ್ಲಿ ಕಾರ್ಯಗಳ ಕ್ರಮವೂ ನಿಬಂಧನೆಯ ಒಂದು ಭಾಗ.

ಆಯುಷ್ಯದ ಲೆಕ್ಕ

ಸೂಚನೆ ಎಷ್ಟು ವಿವರವಾಗಿರಬೇಕು? ವಿವರ ಹೆಚ್ಚಿದಷ್ಟೂ ಒಳ್ಳೆಯದೆಂದು ಮೇಲ್ನೋಟಕ್ಕೆ ತೋರುವುದು. ಸರಳವಾದ ಲೆಕ್ಕವೊಂದನ್ನು ಮಾಡಿ ನೋಡೋಣ. ಹೊರಗಿನ ಪ್ರಪಂಚವನ್ನು ಕುರಿತ ಒಂದು ಹೇಳಿಕೆ ಒಂದು ವರ್ಷ ನಿಜವಾಗಿ ಉಳಿಯುವ ಸಂಭಾವ್ಯತೆ 0.9 ಎಂದು, ಕೇವಲ ವಿವರಣೆಗಾಗಿ, ಊಹಿಸೋಣ. ಹೇಳಿಕೆಗಳು ಒಂದನ್ನೊಂದು ಅವಲಂಬಿಸಿಲ್ಲವೆಂದೂ ಇಟ್ಟುಕೊಳ್ಳೋಣ. ಆರು ಹೇಳಿಕೆಗಳ ಸೂಚನಾಪತ್ರ ಒಂದು ವರ್ಷದ ಕೊನೆಗೆ ಪೂರ್ಣ ಸರಿಯಾಗಿ ಉಳಿದಿರುವ ಸಂಭಾವ್ಯತೆ 0.9ರ ಆರನೆಯ ಘಾತ, ಎಂದರೆ ಸುಮಾರು 0.53, ಎರಡು ವರ್ಷಗಳಾದ ಮೇಲೆ ಸುಮಾರು 0.28. ಎರಡೇ ಹೇಳಿಕೆಗಳ ಪತ್ರಕ್ಕಾದರೆ ಇವು 0.81 ಮತ್ತು ಸುಮಾರು 0.66. ವಿಕಿರಣಶೀಲ ವಸ್ತುಗಳ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದರ ಅರ್ಧಾಯು ಸುಮಾರು 1.1 ವರ್ಷ, ಎರಡನೆಯದರದು ಸುಮಾರು 3.3 ವರ್ಷ.

ಲೆಕ್ಕದ ಅಂಕಗಳು ಕಲ್ಪಿತವಾದರೂ ಅದರ ಪಾಠ ದೃಢವಾದುದು. ಇತರರು ಬದಲಾಯಿಸಬಲ್ಲ ಸಂಗತಿಗಳನ್ನು ನಮ್ಮ ಪತ್ರದಲ್ಲಿ ಕಡಿಮೆಮಾಡಿದಷ್ಟೂ ಅದು ದೀರ್ಘಾಯುವಾಗುವುದು. ಭಂಡಾರವನ್ನು ಸೇರಿಸುವ ಬಗೆ ಈಮ್ಯಾಕ್ಸಿನ ಕೈಪಿಡಿಯಲ್ಲಿದೆ, ಅದನ್ನು ಪೂರ್ತಿಯಾಗಿ ನಕಲು ಮಾಡುವುದಕ್ಕಿಂತ ಅಲ್ಲಿಗೆ ಓದುಗರನ್ನು ಕಳುಹಿಸುವುದು ಮೇಲು. ಒಂದೇ ಸೂಚನೆಯನ್ನು ರೀಡ್‌ಮಿ ಫೈಲಿನಲ್ಲಿಯೂ ತಲೆಬರಹದ ಟಿಪ್ಪಣಿಯಲ್ಲಿಯೂ ಕೈಪಿಡಿಯಲ್ಲಿಯೂ ಮೂರು ಸಲ ಬರೆದರೆ, ಮೂರರಲ್ಲಿ ಒಂದನ್ನು ತಿದ್ದಿ ಎರಡನ್ನು ಮರೆಯುವುದು ಮನುಷ್ಯಸ್ವಭಾವ. ಒಂದೆಡೆ ಬರೆದು ಉಳಿದೆಡೆಗಳಿಂದ ಅದರತ್ತ ಕೈತೋರಿಸುವುದೇ ಕ್ಷೇಮ.

ಇದು ಯಾರ ಕೆಲಸ?

ಪ್ಯಾಕೇಜನ್ನು ಬರೆದವರೇ ಸೂಚನೆಯನ್ನೂ ತಿದ್ದಬೇಕೆಂದು ನಿರೀಕ್ಷಿಸುವುದು ನ್ಯಾಯವೇ. ಆದರೆ ಅವರಿಗೆ ಒಂದು ತೊಡಕುಂಟು: ಅವರು ತಮ್ಮ ಪ್ಯಾಕೇಜನ್ನು ಮೊದಲ ಸಲ ಸ್ಥಾಪಿಸುವ ಸಂದರ್ಭ ಮತ್ತೆ ಬರುವುದಿಲ್ಲ. ಸೂಚನೆಯ ದೋಷ ಕಾಣುವುದು ಹೊಸ ಕಣ್ಣಿಗೆ ಮಾತ್ರ. ಹೊಸದಾಗಿ ಕಲಿಯುವ ವಿದ್ಯಾರ್ಥಿ ಈ ಕಾರ್ಯಕ್ಕೆ ಅನರ್ಹನಲ್ಲ. ಅವನಷ್ಟು ಅರ್ಹರು ಬೇರೆ ಯಾರೂ ಇಲ್ಲ. ತಾನು ಎಡಿಟರಿನ ಯಾವ ಆವೃತ್ತಿಯಲ್ಲಿ ಯಾವ ಹೆಜ್ಜೆಯಲ್ಲಿ ನಿಂತೆ, ಯಂತ್ರ ತೋರಿಸಿದ ಸಂದೇಶವೇನು, ಕೊನೆಗೆ ಯಾವುದರಿಂದ ಕೆಲಸವಾಯಿತು ಎಂಬ ನಾಲ್ಕು ಸಂಗತಿಗಳನ್ನು ಕ್ರಮವಾಗಿ ಬರೆದು ಕರ್ತೃವಿಗೆ ಕಳುಹಿಸಿದರೆ ಅದು ಸ್ವತಂತ್ರ ತಂತ್ರಾಂಶಕ್ಕೆ ಸಲ್ಲಿಸಿದ ನಿಜವಾದ ಸೇವೆ. ತಾನು ಎಡವಿದ ಕಲ್ಲನ್ನು ದಾರಿಯಿಂದ ಎತ್ತಿಟ್ಟವನು ಹಿಂದೆ ಬರುವವರೆಲ್ಲರ ಕಾಲನ್ನು ಕಾಯುತ್ತಾನೆ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. 2.4.10, 2.10, 2.9.1, 20230601.5 ಈ ಆವೃತ್ತಿಗಳನ್ನು ಹಳೆಯದರಿಂದ ಹೊಸದಕ್ಕೆ ಕ್ರಮವಾಗಿ ಜೋಡಿಸಿರಿ.
2. ಒಂದು ಹೇಳಿಕೆ ಒಂದು ವರ್ಷ ಉಳಿಯುವ ಸಂಭಾವ್ಯತೆ 0.8 ಆದರೆ, ಮೂರು ಹೇಳಿಕೆಗಳ ಸೂಚನಾಪತ್ರ ಎರಡು ವರ್ಷ ಪೂರ್ಣ ಸರಿಯಾಗಿ ಉಳಿಯುವ ಸಂಭಾವ್ಯತೆ ಎಷ್ಟು?
3. ನೀವು ಬಳಸುವ ಯಾವುದಾದರೊಂದು ಪ್ರೋಗ್ರಾಮಿನ ಸ್ಥಾಪನಾ ಸೂಚನೆಯನ್ನು ಓದಿ, ಅದರಲ್ಲಿ ಹೇಳದೆ ಬಿಟ್ಟಿರುವ ನಿಬಂಧನೆಗಳನ್ನು ಪಟ್ಟಿಮಾಡಿರಿ.

(ಉತ್ತರಗಳು: 1. 2.4.10, 2.9.1, 2.10, 20230601.5. 2. 0.8ರ ಆರನೆಯ ಘಾತ, ಸುಮಾರು 0.26. ಮೂರನೆಯದರ ಉತ್ತರವನ್ನು ವಾಚಕರೇ ಕಂಡುಕೊಳ್ಳಬೇಕು.)